ಮೊಣ್ಣಪ್ಪ ಮೇಷ್ಟ್ರು ಓದದ ಪದ್ಯ

ಮಡಿಕೇರಿಯ ಮಹದೇವಪೇಟೆಯಲ್ಲಿ, ಒಂದು ಜವಳಿ ಅಂಗಡಿಯ ಮಾಳಿಗೆ ಮೇಲೆ, ಆಗ ಒಂದು ಟ್ಯುಟೋರಿಯಲ್ ಇತ್ತು. ಆಗ ಅಂದರೆ ಕೊಡಗಿಗೆ ಇನ್ನೂ ತನ್ನದೇ ಸರ್ಕಾರ, ತನ್ನದೇ ಮಂತ್ರಿಗಳು ಇದ್ದ ಕಾಲ. ಒಂದು ಸಲ ಡುಮ್ಕಿ ಹೊಡೆದವರು, ಕಾಲೇಜಿಗೆ ಹೋಗಲು ಪುರುಸೊತ್ತಿಲ್ಲದವರು, ಮನೆಯಲ್ಲಿ ಕಾಲೇಜು ಬೇಡವೇ ಬೇಡ ಅನ್ನಿಸಿಕೊಂಡ ಹೆಣ್ಣುಮಕ್ಕಳು, ಎಲ್ಲ ಆ ಮರದ ಮೆಟ್ಟಿಲು ಹತ್ತಿ ಬಂದು ಇಂಟರ್ಮೀಡಿಯಟ್ ಪರೀಕ್ಷೆಗೆ ಓದುತ್ತಿದ್ದರು. ಅವರಿಗೆ ಇಂಗ್ಲಿಷ್ ಸಾಹಿತ್ಯ ಹೇಳಿಕೊಡುತ್ತಿದ್ದವರು ಮೊಣ್ಣಪ್ಪ ಮೇಷ್ಟ್ರು.

ಮೇಷ್ಟ್ರು ಸಂಪಾಜೆ ಕಡೆಯ ಗೌಡರ ಮನೆಯವರು. ಮನೆಮಾತು ಅರೆಭಾಷೆ, ಬದುಕು ಬತ್ತದ ಗದ್ದೆ. ಆ ಮನೆಯಲ್ಲಿ ಬಿ.ಎ. ಮಾಡಿದವರು ಅವರೊಬ್ಬರೇ. ಅದನ್ನು ಅವರು ಮರೆಯುತ್ತಿರಲಿಲ್ಲ, ಬೇರೆಯವರಿಗೆ ಮರೆಯಲು ಬಿಡುತ್ತಲೂ ಇರಲಿಲ್ಲ. ಕಪ್ಪು ಕೋಟು, ಕೈಯಲ್ಲಿ ಕೊಡೆ, ಕಂಕುಳಲ್ಲಿ ಕಂದು ರಟ್ಟಿನ ಒಂದು ದಪ್ಪ ನೋಟ್‌ಬುಕ್ಕು. ಕೋಟು ಹಳೆಯದಾದರೆ ಹೊಸದು ಹೊಲಿಸುತ್ತಿದ್ದರು, ಕೊಡೆ ಮುರಿದರೆ ಹೊಸ ಕೊಡೆ. ನೋಟ್‌ಬುಕ್ಕು ಮಾತ್ರ ಹದಿನಾಲ್ಕು ವರ್ಷದಿಂದ ಅದೇ.

ಮದ್ರಾಸಿನಲ್ಲಿ ಓದುವಾಗ ಅವರ ಪ್ರೊಫೆಸರು ಒಬ್ಬರು ಹೇಳಿ ಬರೆಸಿದ ನೋಟ್ಸು ಅದು. ಯಾವ ಪಾಠಕ್ಕೆ ಯಾವ ಪ್ರಬಂಧ, ಪೀಠಿಕೆ ಹೇಗೆ, ನಡುವೆ ಎಷ್ಟು ಪಾಯಿಂಟು, ಮುಕ್ತಾಯದಲ್ಲಿ ಕವಿಯನ್ನು ಯಾವ ಮಾತಲ್ಲಿ ಹೊಗಳಬೇಕು, ಎಲ್ಲ ಅಲ್ಲಿ ಸಿದ್ಧ. ಮೇಷ್ಟ್ರು ಓದುವುದು, ಮಕ್ಕಳು ಬರೆದುಕೊಳ್ಳುವುದು. ‘ಕಾಮಾ’ ಅಂದರೆ ಕಾಮಾ ಹಾಕಬೇಕು, ‘ನೆಕ್ಸ್ಟ್ ಪ್ಯಾರಾ’ ಅಂದರೆ ಒಂದು ಬೆರಳು ಜಾಗ ಬಿಡಬೇಕು. ಪದ್ಯವನ್ನು? ಅದನ್ನು ಮನೆಯಲ್ಲಿ ಓದಿಕೊಳ್ಳಿ ಅನ್ನುತ್ತಿದ್ದರು. ಯಾವ ಪುಣ್ಯಾತ್ಮ ಓದುತ್ತಾನೆ? ನೋಟ್ಸು ಬಾಯಿಪಾಠವಾದರೆ ಪಾಸು ಗ್ಯಾರಂಟಿ. ಹಾಗೆ ಪಾಸಾದವರು ಕೊಡಗಿನ ಎಲ್ಲ ಕಚೇರಿಗಳಲ್ಲೂ ಇದ್ದರು. ಸಂತೆಯಲ್ಲಿ ಸಿಕ್ಕಿದರೆ ಟೋಪಿ, ಪೇಟ ಮುಟ್ಟಿ ನಮಸ್ಕಾರ ಹೇಳುತ್ತಿದ್ದರು. ಮನುಷ್ಯನಿಗೆ ಇನ್ನೇನು ಬೇಕು ಹೇಳಿ!

ಆ ವರ್ಷದ ಪಠ್ಯದಲ್ಲೂ ಹಳೆಯ ಕವನಸಂಗ್ರಹವೇ ಇತ್ತು. ಅದರಲ್ಲಿ ಸುಗ್ಗಿಯ ಕಾಲದ ಮಳೆಯ ಮೇಲೆ ಮೂರು ಚರಣದ ಒಂದು ಪದ್ಯ. ಮುದುಕ ರೈತನೊಬ್ಬ ಬೇಲಿಯ ಪಕ್ಕ ನಿಂತಿದ್ದಾನೆ. ಮಳೆ ಬರುತ್ತದೆ. ಅವನು ಟೋಪಿ ತೆಗೆದು ನೆನೆಯುತ್ತ ನಿಲ್ಲುತ್ತಾನೆ. ಕೊನೆಗೆ ಟೋಪಿ ಹಾಕಿಕೊಂಡು, ಒಂದು ಸಲ ನಕ್ಕು, ಮನೆಗೆ ಹೋಗುತ್ತಾನೆ. ಇಷ್ಟೇ. ನೋಟ್ಸಿನ ಪ್ರಕಾರ ಮಳೆ ಅಂದರೆ ದೇವರ ಕೃಪೆ, ಟೋಪಿ ತೆಗೆದದ್ದು ಕೃತಜ್ಞತೆ, ಕೊನೆಯ ನಗು ಭಕ್ತನ ಆನಂದ. ಪ್ರೊಫೆಸರ ಊರಿನಲ್ಲಿ ಮಳೆ ಬಂದ ದಿನವೇ ಹಬ್ಬ, ಅವರು ಇನ್ನೇನು ಹೇಳಿಯಾರು?

ಬೋಜಮ್ಮ ಆ ವರ್ಷದ ಕ್ಲಾಸಿನಲ್ಲಿದ್ದ ಒಬ್ಬಳೇ ಹುಡುಗಿ. ಹದಿನೆಂಟು ವರ್ಷ, ಮಾತು ಕಡಿಮೆ. ಅವಳ ಅಪ್ಪ ಪೂವಯ್ಯ ಅಮ್ಮತ್ತಿ ಕಡೆಯ ಕಾಫಿ ಎಸ್ಟೇಟಿನಲ್ಲಿ ರೈಟರು, ಆಳುಗಳ ಲೆಕ್ಕ ಬರೆಯುವವನು. ಮಡಿಕೇರಿಯ ಚಿಕ್ಕಮ್ಮನ ಮನೆಯಲ್ಲಿ ಮಗಳನ್ನು ಬಿಟ್ಟು, ಜೂನ್ ತಿಂಗಳಲ್ಲಿ ಮೇಷ್ಟ್ರ ಮುಂದೆ ಕೈ ಮುಗಿದು ನಿಂತಿದ್ದ.

“ಮೇಷ್ಟ್ರೇ, ಇವಳಿಗೆ ಓದೋ ಹುಚ್ಚು. ಅವಳಮ್ಮನಿಗೆ ಮದುವೆ ಮಾಡೋ ಆತುರ. ಗಂಡಿನ ಮನೆಯವರಿಗೆ ಹುತ್ತರಿ ಹಬ್ಬ ಕಳೀಲಿ ಅಂತ ಹೇಳಿಟ್ಟಿದ್ದೇನೆ. ನನಗೆ ಇಂಗ್ಲಿಷ್ ಅಂದ್ರೆ ಚೆಕ್‌ರೋಲಿನಲ್ಲಿ ಆಳುಗಳ ಹಾಜರಿ ಬರೆಯೋವಷ್ಟೇ ಗೊತ್ತು. ಡಿಸೆಂಬರ್ ಪರೀಕ್ಷೆ ನೋಡಿ ನೀವೇ ಹೇಳಿಬಿಡಿ. ನೀವು ಹೂಂ ಅಂದ್ರೆ ದೊಡ್ಡ ಪರೀಕ್ಷೆಗೆ ಫಾರಂ ಕಟ್ಟೋದು, ಊಹೂಂ ಅಂದ್ರೆ ಕರ್ಕೊಂಡು ಹೋಗೋದು. ನಿಮ್ಮ ಮಾತೇ ಕೊನೆ.”

“ಹೆದರಬೇಡಿ ಪೂವಯ್ಯ, ನೋಟ್ಸಿದೆ” ಅಂದಿದ್ದರು ಮೇಷ್ಟ್ರು.

ಡಿಸೆಂಬರ್ ಬಂತು. ಟ್ಯುಟೋರಿಯಲ್ಲಿನ ಪರೀಕ್ಷೆಯಲ್ಲಿ ಆ ಮಳೆ ಪದ್ಯದ ಮೇಲೇ ಪ್ರಬಂಧ. ಹದಿನಾಲ್ಕು ಹುಡುಗರು ಒಂದೇ ಪ್ರಬಂಧವನ್ನು ಹದಿನಾಲ್ಕು ಅಕ್ಷರದಲ್ಲಿ ಬರೆದರು. ಮೇಷ್ಟ್ರು ಅರ್ಧ ಕಣ್ಣಲ್ಲೇ ನೋಡಿ ಅಂಕ ಹಾಕುತ್ತ ಹೋದರು. ಹದಿನೈದನೆಯದು ಬೋಜಮ್ಮನದು. ಮೊದಲ ವಾಕ್ಯಕ್ಕೇ ಅವರ ಪೆನ್ನು ನಿಂತಿತು. ‘ಈ ಮುದುಕ ದೇವರಿಗೆ ಕೃತಜ್ಞತೆ ಹೇಳುತ್ತಿಲ್ಲ’ ಅಂತ ಬರೆದಿದ್ದಳು.

ಅವರಿಗೆ ಮೈಯೆಲ್ಲ ಉರಿದುಹೋಯಿತು. ಏನು ಧಿಮಾಕು! ಮರುದಿನ ಗುರುವಾರ, ಕ್ಲಾಸಿನಲ್ಲಿ ಅವಳನ್ನು ಎದ್ದು ನಿಲ್ಲಿಸಿದರು. ಅವಳ ಉತ್ತರವನ್ನು ಕನ್ನಡಕ್ಕೆ ತಿರುಗಿಸಿ, ರಾಗ ಎಳೆದು ಓದಿದರು.

“ಕೇಳಿ ಕೇಳಿ. ‘ಎರಡನೇ ಚರಣದ ಮೂರನೇ ಸಾಲಿನಲ್ಲಿ ಗೋಧಿಯನ್ನು ಆಗಲೇ ಕೊಯ್ದು ಸಾಲಾಗಿ ನೆಲಕ್ಕೆ ಹಾಕಿದ್ದಾರೆ. ಕೊಯ್ದು ಹಾಕಿದ ಪೈರಿನ ಮೇಲೆ ಮಳೆ ಬಂದರೆ ಕಾಳು ಮೊಳಕೆ ಒಡೆಯುತ್ತದೆ. ಇವನ ವರ್ಷದ ಅನ್ನ ಹೋಯಿತು.’ ಆಹಾ! ಮುಂದೆ ಕೇಳಿ. ‘ನಮ್ಮ ಎಸ್ಟೇಟಿನಲ್ಲಿ ಕೂಲಿ ಲೈನಿನ ಗಂಗಣ್ಣನ ಹೆಣ ರಸ್ತೆಯಲ್ಲಿ ಹೋಗುವಾಗ ಬಿಳಿ ದೊರೆ ಟೋಪಿ ತೆಗೆದು ನಿಂತದ್ದನ್ನು ನಾನು ನೋಡಿದ್ದೇನೆ. ಇವನೂ ಹಾಗೆ ಟೋಪಿ ತೆಗೆದಿದ್ದಾನೆ.’ ಅಬ್ಬಬ್ಬಾ! ಕವಿಗೆ ಗೊತ್ತಿಲ್ಲ, ಮದ್ರಾಸಿನ ಪ್ರೊಫೆಸರಿಗೆ ಗೊತ್ತಿಲ್ಲ, ಲೈನಿನ ಗಂಗಣ್ಣನಿಗೆ ಗೊತ್ತು!”

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಬೆಂಚಿನ ನಾಗರಾಜುವಂತೂ ಮೇಜು ಬಡಿದ.

“ಇನ್ನೂ ಇದೆ. ‘ಕೊನೆಯಲ್ಲಿ ಅವನು ಯಾಕೆ ನಗುತ್ತಾನೆ ಅಂತ ನನಗೆ ಗೊತ್ತಿಲ್ಲ.’ ಪರೀಕ್ಷೆಯಲ್ಲಿ ಗೊತ್ತಿಲ್ಲ ಅಂತ ಶಾಯಿಯಲ್ಲಿ ಬರೆದ ಮಹಾತಾಯಿಯನ್ನ ನಾನು ಇದೇ ಮೊದಲು ನೋಡಿದ್ದು.”

“ಸಾರ್, ಪದ್ಯದಲ್ಲೇ ಇದೆ. ಎರಡನೇ ಚರಣ...” ಬೋಜಮ್ಮ ಪುಸ್ತಕ ಎತ್ತಿ ಹಿಡಿದಳು.

“ಮುಚ್ಚು ಪುಸ್ತಕ! ಕೂತ್ಕೋ.”

ಕೂತಳು. ಅಳಲಿಲ್ಲ. ಮೇಷ್ಟ್ರು ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿ, ಪಕ್ಕದಲ್ಲಿ ‘ನೋಟ್ಸಿನಲ್ಲಿ ಇಲ್ಲ’ ಅಂತ ಬರೆದು ಕಾಗದವನ್ನು ತಮ್ಮಲ್ಲೇ ಇಟ್ಟುಕೊಂಡರು.

ಶುಕ್ರವಾರ ಸಂತೆಗೆ ಬಂದ ಪೂವಯ್ಯ ಮೆಟ್ಟಿಲು ಹತ್ತಿ ಬಂದ. ಚೀಲ ಕೆಳಗಿಟ್ಟು, ಉತ್ತರಕ್ಕೆ ಕಾದು ನಿಂತ. ಮೇಷ್ಟ್ರು ಬಹಳ ಯೋಚಿಸಲಿಲ್ಲ. “ಇಂಗ್ಲಿಷ್ ಇವಳಿಗೆ ಹತ್ತೋದಿಲ್ಲ ಪೂವಯ್ಯ. ಹೇಳಿದ್ದು ಬರೆಯೋದು ಬಿಟ್ಟು ತನ್ನ ಬುದ್ಧಿ ಓಡಿಸ್ತಾಳೆ” ಅಂದರು. ಪೂವಯ್ಯನ ಮುಖ ಸಣ್ಣದಾಯಿತು. “ನಿಮ್ಮ ಮಾತೇ ಕೊನೆ ಅಂದಿದ್ದೆನಲ್ಲ” ಅಂದು ಚೀಲ ಎತ್ತಿಕೊಂಡ. ಮಧ್ಯಾಹ್ನದ ಬಸ್ಸಿಗೆ ಅಪ್ಪ ಮಗಳು ಇಬ್ಬರೂ ಹೋದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಮೇಷ್ಟ್ರು ನೆಮ್ಮದಿಯಾಗಿ ಇರುತ್ತಿದ್ದರು. ಆದರೆ ಮನೆಯಲ್ಲಿ ಹೆಂಡತಿ ಅಂತ ಒಬ್ಬಳಿದ್ದಳಲ್ಲ, ಬೊಳ್ಳಮ್ಮ. ಕನ್ನಡ ಮೂರನೇ ಕ್ಲಾಸಿನವರೆಗೆ ಓದಿದವಳು. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಮೇಷ್ಟ್ರಿಗೆ ತಮ್ಮ ತಮಾಷೆಯನ್ನು ಇನ್ನೊಂದು ಸಲ ಹೇಳಿ ನಗುವ ಚಪಲ. ಮುದುಕನ ಕಥೆ, ಹುಡುಗಿಯ ಉತ್ತರ, ಗಂಗಣ್ಣನ ಹೆಣ, ಎಲ್ಲವನ್ನೂ ಅಭಿನಯ ಮಾಡಿ ಹೇಳಿದರು.

ಬೊಳ್ಳಮ್ಮ ನಗಲಿಲ್ಲ. ಮೊರದ ಮೇಲಿನ ಕೈ ನಿಂತಿತು.

“ಪೈರು ಕೊಯ್ದು ಹಾಕಿತ್ತಾ, ನಿಂತಿತ್ತಾ?”

“ಅದು ಯಾಕೆ ಈಗ?”

“ಎಂಥ ಮಾರಾಯ್ರೇ ನೀವು! ನಿಂತ ಪೈರಿಗೆ ಮಳೆ ಬಂದ್ರೆ ಒಂದು, ಕೊಯ್ದು ಹಾಕಿದ್ದಕ್ಕೆ ಬಂದ್ರೆ ಇನ್ನೊಂದು. ಕೊಯ್ದು ಹಾಕಿದ್ದಾದ್ರೆ ಯಾವ ಮುದುಕ ದೇವರಿಗೆ ಕೈ ಮುಗೀತಾನೆ? ನೀವು ಸಣ್ಣವರಿದ್ದಾಗ ಒಂದು ವರ್ಷ ಹುತ್ತರಿ ಆದ ಮೇಲೆ ಮಳೆ ಹೊಡೀತು, ನಿಮ್ಮ ಮನೆಯಲ್ಲಿ ಆರು ತಿಂಗಳು ಮೊಳಕೆ ಅಕ್ಕಿ ಗಂಜಿ ಕುಡಿದ್ರು ಅಂತ ಅತ್ತೆ ಹೇಳ್ತಿರ್ಲಿಲ್ವಾ? ಮಾವ ಆವತ್ತು ಕೈ ಮುಗಿದಿದ್ರಾ?”

ಆ ಗಂಜಿಯ ರುಚಿ ಮೇಷ್ಟ್ರ ನಾಲಿಗೆಗೆ ಬಂತು, ಸಿಹಿಸಿಹಿ, ಅಂಟಂಟು, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹುತ್ತರಿಯ ಹೊಸ ಕದಿರು ತೆಗೆದು ನಾಲ್ಕೇ ದಿನ ಆಗಿತ್ತು. ಗದ್ದೆ ತುಂಬ ಕೊಯ್ದು ಬಿಟ್ಟ ಬತ್ತ. ಮಳೆ ನೋಡಿದ ಅಪ್ಪ ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಿಂತಿದ್ದರು. ಎಂಟು ವರ್ಷದ ಮೊಣ್ಣಪ್ಪ ‘ಅಪ್ಪಾ, ತಲೆ ನೆನೀತದೆ’ ಅಂತ ಕೂಗಿದ್ದ. ಅಪ್ಪ ತಿರುಗಿ ನೋಡಿರಲಿಲ್ಲ.

ಎದ್ದು ಒಳಗೆ ಹೋದರು. ಪಠ್ಯಪುಸ್ತಕ ಕಪಾಟಿನಲ್ಲಿತ್ತು, ದಿನವೂ ಕ್ಲಾಸಿಗೆ ಒಯ್ದು ಮೇಜಿನ ಮೇಲೆ ಇಡುವ ಪುಸ್ತಕವೇ. ವಿಲಾಯಿತಿಯಲ್ಲಿ ಅಚ್ಚಾದದ್ದು, ಆಗಿನ ಕೆಲವು ಪುಸ್ತಕಗಳ ಹಾಗೆ ಹಾಳೆಗಳ ಅಂಚು ಕತ್ತರಿಸದೆ ಬಂದಿತ್ತು. ಓದುವವನೇ ಚೂರಿಯಲ್ಲಿ ಬಿಡಿಸಿಕೊಳ್ಳಬೇಕು. ಮೇಷ್ಟ್ರು ಪುಟ ತಿರುವುತ್ತ ಹೋದರು. ಮಳೆಯ ಪದ್ಯ ಇದ್ದ ಕಡೆ ಹಾಳೆಗಳು ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಹದಿನಾಲ್ಕು ವರ್ಷ ಪಾಠ ಮಾಡಿದ ಪದ್ಯ, ಒಂದು ಸಲವೂ ತೆರೆದಿರಲಿಲ್ಲ!

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬೊಳ್ಳಮ್ಮ ಏನೂ ಕೇಳದೆ ತರಕಾರಿ ಹೆಚ್ಚುವ ಚೂರಿ ತಂದು ಕೈಗೆ ಕೊಟ್ಟಳು. ಮೇಷ್ಟ್ರು ಹಾಳೆ ಬಿಡಿಸಿದರು. ಎರಡನೇ ಚರಣ, ಮೂರನೇ ಸಾಲು. ಹುಡುಗಿ ಹೇಳಿದ್ದು ಹೇಳಿದ ಜಾಗದಲ್ಲೇ ಇತ್ತು. ಅವರಿಗೆ ಎಷ್ಟು ನಾಚಿಕೆಯಾಯಿತು ಅಂದರೆ, ಹೆಂಡತಿಯ ಮುಖ ನೋಡಲಾಗದೆ ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಊಟದ ಹೊತ್ತಿನವರೆಗೆ ಕೂತುಬಿಟ್ಟರು.

ಸೋಮವಾರ ಕ್ಲಾಸಿಗೆ ರಜಾ ಹೇಳಿ ಅಮ್ಮತ್ತಿಯ ಬಸ್ಸು ಹತ್ತಿದರು. ತಪ್ಪು ನನ್ನದು ಅನ್ನಬೇಕು, ಅಷ್ಟೇ. ಎರಡು ಮಾತು. ದಾರಿಯುದ್ದಕ್ಕೂ ಆ ಎರಡು ಮಾತನ್ನು ಹೇಳಿಕೊಂಡರು. ಇಳಿಯುವಾಗ ಕಂಡಕ್ಟರು, ಅವರದೇ ಹಳೆಯ ಶಿಷ್ಯ, “ನಮಸ್ಕಾರ ಸಾರ್, ನಿಮ್ಮ ನೋಟ್ಸಿನ ಪುಣ್ಯ, ಈ ಕೆಲಸ ಸಿಕ್ಕಿತು” ಅಂದುಬಿಟ್ಟ. ಅಲ್ಲಿಗೆ ಆ ಎರಡು ಮಾತಿನ ಧೈರ್ಯ ಅರ್ಧ ಹೋಯಿತು.

ಎಸ್ಟೇಟಿನ ಕಣದಲ್ಲಿ ಕಾಫಿ ಹರವಿತ್ತು. ಪೂವಯ್ಯ ಆಳುಗಳ ಹೆಸರು ಗುರುತು ಹಾಕಿಕೊಳ್ಳುತ್ತಿದ್ದ. ಬೋಜಮ್ಮ ಸೆರಗು ಸಿಕ್ಕಿಸಿಕೊಂಡು, ಕೋಲು ಹಿಡಿದು ಕಾಫಿ ಕೈಯಾಡಿಸುತ್ತಿದ್ದಳು. ಮೇಷ್ಟ್ರನ್ನು ನೋಡಿ ಅವಳ ಕೈ ನಿಂತಿತು.

“ಪೂವಯ್ಯ, ಒಂದು ಎಡವಟ್ಟಾಯ್ತು” ಅಂದರು ಮೇಷ್ಟ್ರು. ಹುಡುಗಿ ಕಿವಿಗೊಟ್ಟು ನಿಂತಿದ್ದಾಳೆ. ತಪ್ಪು ನನ್ನದು, ತಪ್ಪು ನನ್ನದು ಅಂತ ಒಳಗೆ ಹೇಳಿಕೊಳ್ಳುತ್ತಲೇ ಇದ್ದರು, ಬಾಯಿಗೆ ಬಂದದ್ದು ಬೇರೆ. “ಪೇಪರುಗಳು ಅದಲುಬದಲಾಗಿಬಿಟ್ಟಿದ್ದವು. ಯಾರದೋ ಅಂಕ ಇವಳಿಗೆ ಬಂತು. ಬೋಜಮ್ಮ ಪಾಸು. ಫಾರಂ ಕಟ್ಟಿಸಿ.”

ಪೂವಯ್ಯ ಒಂದು ಗಳಿಗೆ ಅವರನ್ನೇ ನೋಡಿದ. ಆಮೇಲೆ ಒಂದು ಸಲ ನಕ್ಕ. “ಅಯ್ಯೋ, ಅಷ್ಟೇ ತಾನೇ! ಅದಕ್ಕೆ ನೀವು ಇಷ್ಟು ದೂರ ಬಂದ್ರಾ? ಬನ್ನಿ, ಕಾಫಿ ಕುಡಿಯಿರಿ” ಅಂದ. ಬೋಜಮ್ಮ ತಲೆ ಬಗ್ಗಿಸಿ ಮತ್ತೆ ಕಾಫಿ ಕೈಯಾಡಿಸಿದಳು. ಅವಳ ಪ್ರಬಂಧವನ್ನು ಮೇಷ್ಟ್ರು ಹೆಸರು ಹಿಡಿದು, ಎದ್ದು ನಿಲ್ಲಿಸಿ ಓದಿದ್ದು ಇನ್ನೂ ನಾಲ್ಕು ದಿನದ ಮಾತು. ಅದಲುಬದಲು ಅಂತೆ! ಬಸ್ಸಿನಲ್ಲಿ ವಾಪಸು ಬರುವಾಗ ಮೇಷ್ಟ್ರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಬೋಜಮ್ಮ ಕ್ಲಾಸಿಗೆ ಮರಳಿದಳು. ಶುಕ್ರವಾರ ಪೂವಯ್ಯ ಬುಟ್ಟಿ ತುಂಬ ಕಿತ್ತಳೆ ಹೊತ್ತು ಮೇಷ್ಟ್ರ ಮನೆಗೇ ಬಂದ. ಬೊಳ್ಳಮ್ಮ ಕೇರಿಗೆಲ್ಲ ಹಂಚಿದಳು. ಗಂಡನ ಮುಂದೆಯೂ ಎರಡು ಸುಲಿದಿಟ್ಟಳು, “ತಿನ್ನಿ, ಸಂಪಾದಿಸಿದ್ದೀರಲ್ಲ” ಅಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಮೇಷ್ಟ್ರು ಒಂದು ತೊಳೆ ಬಾಯಿಗೆ ಹಾಕಿಕೊಂಡರು, ಅದೂ ಇಳಿಯಲಿಲ್ಲ.

ಮರುವಾರ ಮೇಷ್ಟ್ರು ಒಂದು ಉಪಾಯ ಮಾಡಿದರು. ಅದೇ ಪದ್ಯದ ಮೇಲೆ ಇನ್ನೊಂದು ಸಲ ಪ್ರಬಂಧ ಬರೆಸಿದರು. ಈ ಸಲ ಬೋಜಮ್ಮ ಮೊದಲಿನ ಹಾಗೇ ಬರೆಯುತ್ತಾಳೆ, ತಾವು ಒಳ್ಳೆಯ ಅಂಕ ಹಾಕಿ, ಸದ್ದಿಲ್ಲದೆ ಋಣ ತೀರಿಸಿಕೊಳ್ಳುವುದು. ಯಾರ ಮುಂದೆಯೂ ತಲೆ ತಗ್ಗಿಸುವ ಅಗತ್ಯವಿಲ್ಲ.

ಅವಳ ಕಾಗದವನ್ನೇ ಮೊದಲು ಹುಡುಕಿ ತೆಗೆದರು. ‘ಮಳೆ ದೇವರ ಕೃಪೆಯ ಸಂಕೇತ. ರೈತ ಟೋಪಿ ತೆಗೆದದ್ದು ಕೃತಜ್ಞತೆಯಿಂದ.’ ಪೀಠಿಕೆ, ಐದು ಪಾಯಿಂಟು, ಮುಕ್ತಾಯ. ಒಂದು ಕಾಮಾ ಆಚೀಚೆ ಇಲ್ಲ. ಕೊನೆಯ ನಗು ಭಕ್ತನ ಆನಂದ. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, ಇಡೀ ನೋಟ್ಸು.

ಮೇಷ್ಟ್ರು ಕಾಗದ ತಿರುವಿ, ಮೇಲಿನ ಹೆಸರನ್ನು ಇನ್ನೊಂದು ಸಲ ನೋಡಿದರು. ಹುಡುಗರೆಲ್ಲ ಮೆಟ್ಟಿಲಿಳಿದ ಮೇಲೆ ಅವಳನ್ನು ನಿಲ್ಲಿಸಿಕೊಂಡು ಕೇಳಿದರು.

“ಇದೇನು ಬೋಜಮ್ಮ?”

“ನೋಟ್ಸಲ್ಲಿ ಇರೋದು ಸಾರ್.”

“ನೀನು ಮೊದಲು ಬರೆದದ್ದು?”

ಅವಳು ಕಿಟಕಿಯ ಕಡೆ ನೋಡಿದಳು. “ಅಪ್ಪ ಬೇಡ ಅಂದ್ರು ಸಾರ್. ಮೇಷ್ಟ್ರು ನಿನಗೋಸ್ಕರ ಅಮ್ಮತ್ತಿವರೆಗೆ ಬಂದು ಸುಳ್ಳು ಹೇಳಿದ್ದಾರೆ, ಅವರಿಗೆ ಎಷ್ಟು ಕಷ್ಟ ಆಗಿರಬೇಕು, ಇನ್ನು ಅವರ ಮುಖಕ್ಕೆ ಮಸಿ ಬಳಿಯೋ ಹಾಗೆ ಮಾಡಬೇಡ, ಅವರು ಬರೆಸಿದ ಹಾಗೇ ಬರಿ ಅಂದ್ರು.”

“ಅಪ್ಪನಿಗೆ ಗೊತ್ತಿತ್ತಾ?”

“ಕ್ಲಾಸಲ್ಲಿ ಆದದ್ದನ್ನ ನಾನು ಊರಿಗೆ ಹೋಗೋವಾಗಲೇ ಬಸ್ಸಲ್ಲಿ ಹೇಳಿದ್ದೆ ಸಾರ್.”

ಹಾಗಾದರೆ ಕಣದಲ್ಲಿ ಪೂವಯ್ಯ ನಕ್ಕದ್ದು ಗೊತ್ತಿದ್ದೇ. ಕಿತ್ತಳೆ ಬುಟ್ಟಿ ಹೊತ್ತು ತಂದದ್ದೂ ಗೊತ್ತಿದ್ದೇ. ಒಬ್ಬ ರೈಟರು, ತನ್ನ ಮಗಳನ್ನು ಹದಿನಾಲ್ಕು ಗಂಡುಹುಡುಗರ ಮುಂದೆ ಹೀಯಾಳಿಸಿದವನ ಮಾನ ಕಾಯಲು, ಆ ಮಗಳ ಕೈಯಲ್ಲೇ ನೋಟ್ಸು ಬರೆಸಿದ್ದ. ಕಣ್ಣಿಗೆ ಕಂಡದ್ದನ್ನು ಬರೆಯುತ್ತಿದ್ದ ಹುಡುಗಿ ಈಗ ಬರೆಸಿದ್ದನ್ನು ಬರೆಯುವುದನ್ನು ಕಲಿತಿದ್ದಳು. ಕಲಿಸಿದವರು ಯಾರು? “ಹೋಗಮ್ಮ” ಅಂದರು ಮೇಷ್ಟ್ರು.

ಮರುದಿನ ಕೋಟು ಹಾಕಿಕೊಂಡು ಕ್ಲಾಸಿಗೆ ಬಂದರು. ನೋಟ್‌ಬುಕ್ಕು ತಂದಿರಲಿಲ್ಲ. ಕೈಯಲ್ಲಿ ಪಠ್ಯಪುಸ್ತಕ, ಅದರೊಳಗೆ ಸೊನ್ನೆ ಸುತ್ತಿದ ಕಾಗದ. ಪುಸ್ತಕವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ಬೋಜಮ್ಮನ ಮೊದಲ ಪ್ರಬಂಧವನ್ನು ರಾಗವಿಲ್ಲದೆ, ಅವಳು ಬರೆದ ಇಂಗ್ಲಿಷಿನಲ್ಲೇ, ಮೊದಲಿಂದ ಕೊನೆಯವರೆಗೆ ಓದಿದರು. ಯಾರೂ ನಗಲಿಲ್ಲ, ನಗಬೇಕೋ ಬೇಡವೋ ಅಂತ ಯಾರಿಗೂ ಗೊತ್ತಾಗಲಿಲ್ಲ.

“ಇದು ಸರಿ. ನಾನು ಬರೆಸಿದ್ದು ತಪ್ಪು” ಅಂದರು ಮೇಷ್ಟ್ರು. ಚೂರಿಯಲ್ಲಿ ಬಿಡಿಸಿದ ಹಾಳೆಯ ಹರಕು ಅಂಚನ್ನು ಎತ್ತಿ ತೋರಿಸಿದರು. “ಈ ಪದ್ಯವನ್ನ ಹದಿನಾಲ್ಕು ವರ್ಷ ಪಾಠ ಮಾಡಿದೆ. ಓದಿದ್ದು ಈಚೆಗೆ, ಒಂದು ಭಾನುವಾರ. ಓದಿದ ಹುಡುಗಿಯನ್ನ ನಿಮ್ಮ ಮುಂದೆ ನಿಲ್ಲಿಸಿ ನಗಿಸಿದೆ. ಅವಳ ಅಪ್ಪನಿಗೆ ಸುಳ್ಳು ಹೇಳಿದೆ. ಅದಲುಬದಲಾದದ್ದು ಯಾವುದೂ ಇಲ್ಲ. ನನಗೆ ನಾಚಿಕೆಯಾಗ್ತಿದೆ.”

ಕೆಳಗೆ ಜವಳಿ ಅಂಗಡಿಯಲ್ಲಿ ಬಟ್ಟೆ ಹರಿಯುವ ಸದ್ದು ಕೇಳಿಸಿತು. ಆಮೇಲೆ ಪರ್ ಪರ್ ಅಂತ ಇನ್ನೊಂದು ಸದ್ದು. ಮೇಷ್ಟ್ರು ತಲೆ ಎತ್ತಿ ನೋಡಿದರು. ಹದಿನಾಲ್ಕು ತಲೆ ಬಗ್ಗಿದ್ದವು, ಹದಿನಾಲ್ಕು ಪೆನ್ನು ಓಡುತ್ತಿದ್ದವು.

“ಸಾರ್,” ನಾಗರಾಜು ಕೈ ಎತ್ತಿದ, “ನಾಚಿಕೆಯಾಗ್ತಿದೆ ಅನ್ನೋದು ಅದೇ ಪ್ಯಾರಾನಾ, ನೆಕ್ಸ್ಟ್ ಪ್ಯಾರಾನಾ?”

ಬೆಳೆದದ್ದು ಮೇಷ್ಟ್ರು ಬಿತ್ತಿದ್ದೇ. ಮುಖ ಕೆಂಪಾಗಿ, ಮೇಜು ಹಿಡಿದುಕೊಂಡು ನಿಂತರು. ಹಿಂದಿನ ಬೆಂಚಿನಲ್ಲಿ ಬೋಜಮ್ಮ ಒಬ್ಬಳೇ ಪೆನ್ನು ಕೆಳಗಿಟ್ಟಿದ್ದಳು. ಅವಳ ಮುಂದೆ ಪುಸ್ತಕ ತೆರೆದಿತ್ತು.

“ಸಾರ್, ಕೊನೆಯಲ್ಲಿ ಅವನು ನಗ್ತಾನಲ್ಲ. ಎಲ್ಲ ಹೋದ ಮೇಲೆ ಯಾಕೆ ನಗ್ತಾನೆ?”

ಹದಿನಾಲ್ಕು ಪೆನ್ನುಗಳು ಉತ್ತರಕ್ಕೆ ಕಾದು ನಿಂತವು. ಮೇಷ್ಟ್ರು ಪುಟದ ಮೇಲೆ ಕಣ್ಣಾಡಿಸಿದರು. ಕಣದಲ್ಲಿ ನಿಂತು ತಮ್ಮ ಸುಳ್ಳು ಕೇಳಿ ನಕ್ಕ ಪೂವಯ್ಯನ ಮುಖ ಒಂದು ಸಲ ಕಣ್ಣ ಮುಂದೆ ಬಂದು ಹೋಯಿತು.

“ಗೊತ್ತಿಲ್ಲ ಬೋಜಮ್ಮ” ಅಂದರು. “ಓದು, ಕೇಳ್ತೇನೆ.”